ಜಯಮ್ಮ ಕೈ ಬಿಡಲು ಕಲಿತ ಮಳೆಗಾಲ

ಕಳೆದ ತಿಂಗಳು ಮೈಸೂರಿನಲ್ಲಿ ಗೆಳೆಯನೊಬ್ಬನ ಮನೆಗೆ ಹೋಗಿದ್ದೆ. ಅವನ ಮೊಮ್ಮಗಳಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಬಾಗಿಲು ತೆರೆದ ಕೂಡಲೇ ಬಿಸಿ ಹರಳೆಣ್ಣೆಯ ವಾಸನೆ, ಅದರ ಹಿಂದೆಯೇ ಸಾಂಬ್ರಾಣಿ ಹೊಗೆ. ಗೆಳೆಯ ಕಾಫಿ ತರಲು ಒಳಗೆ ಹೋದ. ಅವನು ಬರುವಷ್ಟರಲ್ಲಿ ನಾನು ಬಾಬುರಾಯನಕೊಪ್ಪಲಿನ ಒಂದು ಹಿತ್ತಿಲಿಗೆ ಹೋಗಿ ಬಂದಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಮೈಸೂರಿನ ಒಂದು ದಿನಪತ್ರಿಕೆಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲದ ಸುದ್ದಿ ಕಳಿಸುತ್ತಿದ್ದೆ. ಅಷ್ಟೂ ತಾಲ್ಲೂಕಿಗೆ ನಾನೊಬ್ಬನೇ. ಅರ್ಧ ಆಯುಸ್ಸು ಬಸ್ಸಿನಲ್ಲಿ ಕಳೆಯುತ್ತಿತ್ತು. ಬರೆದದ್ದನ್ನು ಸಂಜೆ ಕವರಿನಲ್ಲಿ ಹಾಕಿ ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಆ ದಿನದ ಕೆಲಸ ಮುಗಿಯಿತು. ನನ್ನ ವಾಸ ಬಾಬುರಾಯನಕೊಪ್ಪಲಿನಲ್ಲಿ, ಜಯಮ್ಮ ಎಂಬುವರ ಮನೆಯ ಮುಂದಿನ ಕೋಣೆಯಲ್ಲಿ.

ಜಯಮ್ಮನಿಗೆ ಆಗ ನಲವತ್ತೈದರ ಆಸುಪಾಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಸಾವಿತ್ರಿಯನ್ನು ಬೂಕನಕೆರೆಯ ಹಾಲು ಕರೆಯುವ ಮನೆಗೆ ಕೊಟ್ಟಿದ್ದರು. ಊರಿನಲ್ಲಿ ಕೂಸು ಹುಟ್ಟಿದರೆ ಎಣ್ಣೆ ಹಚ್ಚಿ ನೀರು ಹಾಕಲು, ಬಾಣಂತಿಯ ಸೊಂಟ ನೀವಲು ಜಯಮ್ಮನನ್ನೇ ಕರೆಯುತ್ತಿದ್ದರು. ಬೆಳಿಗ್ಗೆ ಆ ಮನೆಗಳನ್ನು ಮುಗಿಸಿಕೊಂಡು ಗಂಜಾಂಗೆ ಹೋಗುತ್ತಿದ್ದರು. ಅಲ್ಲಿ ನದಿಯ ಕಡೆಗೆ ಒಂದು ತೆಂಗಿನ ತೋಟದೊಳಗೆ ಪ್ರಕೃತಿ ಚಿಕಿತ್ಸೆಯ ಆರೋಗ್ಯಶಾಲೆ ಇತ್ತು. ಮಂಡಿ ನೋವಿನವರು, ಸೊಂಟ ಹಿಡಿದವರು ಬಂದು ತಂಗುತ್ತಿದ್ದರು. ಅವರ ಮೈಗೆ ಎಣ್ಣೆ ಹಾಕಿ ತಿಕ್ಕುವ ಕೆಲಸ ಜಯಮ್ಮನದು.

ಆ ವರ್ಷ ಆಷಾಢದಲ್ಲಿ ನಮ್ಮ ಕಡೆ ಹೇಳಿಕೊಳ್ಳುವಂಥ ಮಳೆ ಇರಲಿಲ್ಲ. ಮಳೆ ಕೊಡಗಿನಲ್ಲಿ, ನೀರು ನಮ್ಮಲ್ಲಿ. ಅಣೆಕಟ್ಟೆಯ ಗೇಟು ತೆಗೆದರು ಎಂದು ಗೊತ್ತಾದ ಕೂಡಲೇ ನಾನು ನಿಮಿಷಾಂಬ ಗುಡಿಯ ಸೋಪಾನದ ಹತ್ತಿರ ನಿಂತು ನೀರು ಎಲ್ಲಿಗೆ ಬಂತು ಎಂದು ನೋಡಿ ಸುದ್ದಿ ಕಳಿಸುತ್ತಿದ್ದೆ. ಹಾಗೊಂದು ಬೆಳಿಗ್ಗೆ ಹೊರಡುವಾಗ ಜಯಮ್ಮ ಒಳಗಿನಿಂದ ಕೂಗಿದರು.

“ಪೇಪರಪ್ಪ, ಈ ಸೀಸೆ ಮುಚ್ಳ ಸಲ್ಪ ತಿರುವ್ಕೊಟ್ಬುಟ್ಟು ಓಗಪ್ಪ.”

ಹರಳೆಣ್ಣೆಯ ಸೀಸೆ. ಮುಚ್ಚಳ ಬಿಗಿಯಾಗೇನೂ ಇರಲಿಲ್ಲ.

“ಯಾಕವ್ವ, ಕೈಗೇನಾಯ್ತು?”

“ಕೈಗೇನಾಯ್ತದೆ? ಎಣ್ಣೆ ಕೈ, ಜಾರ್ತದೆ.”

ಕೈಯಲ್ಲಿ ಎಣ್ಣೆ ಇರಲಿಲ್ಲ. ಬಲಗೈ ಹೆಬ್ಬೆರಳಿನ ಬುಡ ಊದಿತ್ತು. ಅಂದಿನಿಂದ ಗಮನಿಸತೊಡಗಿದೆ. ಕೊಡವನ್ನು ಎಡಗೈಯಲ್ಲಿ ಎತ್ತುತ್ತಿದ್ದರು, ನಲ್ಲಿಯನ್ನು ಎಡಗೈಯಲ್ಲಿ ತಿರುಗಿಸುತ್ತಿದ್ದರು, ಸೀರೆ ಹಿಂಡುವುದನ್ನು ಬಿಟ್ಟು ಹಾಗೇ ನೀರು ಸೋರುವಂತೆ ಹಗ್ಗದ ಮೇಲೆ ಹಾಕುತ್ತಿದ್ದರು. ಸಾವಿತ್ರಿ ಬಸುರಿ. ಚೊಚ್ಚಿಲ ಹೆರಿಗೆಗೆ ತವರಿಗೆ ಬರುವವಳು. ದಸರಾ ಹೊತ್ತಿಗೆ ದಿನ ತುಂಬುತ್ತಿತ್ತು. ಒಂದು ಸಂಜೆ ಜಗಲಿಯ ಮೇಲೆ ಅವರೇ ಮಾತು ತೆಗೆದರು.

“ನನ್ ಬಾಣಂತನಕ್ಕೆ ನಮ್ಮವ್ವ ಇರ್ನಿಲ್ಲ. ಯಾರೋ ಬಂದು ಬಿಸಿನೀರ್ ಉಯ್ದು ಓದ್ರು. ಇವ್ಳಿಗೂ ಅಂಗೇ ಆಗ್ಬಾರ್ದು. ಊರ್ ಮಕ್ಕುಳ್ನೆಲ್ಲ ಈ ಕಾಲ್ ಮೇಲೆ ಮಲಗುಸ್ಕಂಡು ನೀರಾಕಿವ್ನಿ. ನನ್ ಮೊಮ್ಮಗೀಗೆ ಆಕಕ್ಕೆ ಆಗ್ದೆ ಓದ್ರೆ ಇನ್ಯಾಕ್ ಬೇಕು ಈ ಕೈ?”

ಮಾರನೆಯ ಬೆಳಿಗ್ಗೆ ಅವರು ಕೂಗುವ ಮೊದಲೇ ಸೀಸೆಯ ಮುಚ್ಚಳ ತಿರುವಿಕೊಟ್ಟೆ.

ಆರೋಗ್ಯಶಾಲೆಯಲ್ಲಿ ಕೈ ಕೆಟ್ಟಿದ್ದು ಜಯಮ್ಮನದೊಂದೇ ಅಲ್ಲ. ನಾಗಮಂಗಲದ ಒಬ್ಬಳು ಹುಡುಗಿ ಭುಜ ಎತ್ತಲಾರದೆ ಊರಿಗೆ ಹೋಗಿದ್ದಳು. ಹೀಗಾಗಿ ಅಲ್ಲಿನ ಡಾಕ್ಟರು, ರೋಗಿಗಳು ಕಡಿಮೆ ಇರುವ ಆ ಮಳೆಗಾಲದಲ್ಲಿ ತಿಕ್ಕುವವರಿಗೇ ಒಂದು ತರಬೇತಿ ಇಟ್ಟರು. ಹೇಳಿಕೊಡಲು ಮೈಸೂರಿನಿಂದ ಲಿನ್ ಎಂಬ ಹೆಂಗಸು ಬಸ್ಸಿನಲ್ಲಿ ಬರುತ್ತಿದ್ದರು. ಹುಟ್ಟಿದ್ದು ಪೆನಾಂಗಿನಲ್ಲಿ, ಚೀನೀ ಮನೆತನ, ಮದುವೆಯಾದದ್ದು ಮೈಸೂರಿನ ಇಂಜಿನಿಯರ್ ಒಬ್ಬರನ್ನು. ಅತ್ತೆಯಿಂದ ಕಲಿತ ಕನ್ನಡ. ಎಲ್ಲರನ್ನೂ ‘ಬನ್ನಿ, ಕೂತ್ಕೊಳ್ಳಿ’ ಎಂದು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಹೆಂಗಸರು ಮೊದಲ ದಿನವೇ ಅವರನ್ನು ಲೀನಮ್ಮ ಮಾಡಿಕೊಂಡರು. ‘ಚೀನೀ ಕಸರತ್ತಂತೆ, ಒಂದು ಸಣ್ಣ ಐಟಂ ಮಾಡಿ’ ಎಂದು ಸಂಪಾದಕರು ಹೇಳಿದ್ದರಿಂದ ಆ ದಿನ ನಾನೂ ಹೋಗಿದ್ದೆ.

“ಇದರ ಹೆಸರು ತಾಯ್ ಚಿ” ಎಂದು ಲೀನಮ್ಮ ಶುರು ಮಾಡಿದರು.

ಹಿಂದಿನ ಸಾಲಿನಲ್ಲಿ ಪಾಂಡವಪುರದ ಜವರಾಯಿ ನಿಂತಿದ್ದ. ಗರಡಿಯಲ್ಲಿ ಪೈಲ್ವಾನರ ಮೈ ತಿಕ್ಕಿ ಹಣ್ಣಾದವನು, ಮಾತಿಗೆ ಮುಲಾಜಿಲ್ಲ.

“ತಾಯ್‌ಗೆ ಛೀ ಅಂತಾರಾ ಯಾರಾದ್ರೂವೆ? ಏನ್ ಕಲಿಸ್ತಾವ್ರಪ್ಪ ಇವ್ರು?”

ಎಲ್ಲರೂ ನಕ್ಕರು. ಲೀನಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, “ಹಾಗಾದರೆ ಚಿ ಬೇಡ. ತಾಯಿ ಕಸರತ್ತು ಅನ್ನೋಣ” ಎಂದರು. ಕೊನೆಯವರೆಗೂ ಅಲ್ಲಿ ಅದೇ ಹೆಸರು ಉಳಿಯಿತು.

ತೆಂಗಿನ ಮರಗಳ ನಡುವೆ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಿಲ್ಲುವುದು, ಮಂಡಿ ಸ್ವಲ್ಪ ಮಡಿಸುವುದು, ಮೈಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟಿಸುವುದು, ಅದರ ಜೊತೆ ಕೈ ತಾನಾಗಿ ತೇಲಿ ಬರುವುದು. ನೋಡಲು ಇಷ್ಟೇ. ರೋಗಿಯ ಮೈ ಒತ್ತುವಾಗ ಬಲ ಹೆಬ್ಬೆರಳಿನಿಂದ ಬರಬಾರದು, ಪಾದದಿಂದ ಎದ್ದು ಸೊಂಟದ ಮೂಲಕ ಅಂಗೈಗೆ ಬರಬೇಕು ಎಂಬುದು ಲೀನಮ್ಮನ ಪಾಠದ ಸಾರ. ಒಬ್ಬರನ್ನು ತಿಕ್ಕಿ ಮುಗಿಸಿದ ಮೇಲೆ ನಮ್ಮ ಹೆಂಗಸರು ಎರಡೂ ಕೈಯನ್ನು ನೆಲದ ಕಡೆ ಕೊಡವುತ್ತಿದ್ದರು, ರೋಗಿಯ ನೋವು ತಮ್ಮ ಕೈಯಲ್ಲಿ ಕೂರದಿರಲಿ ಎಂದು. ಅದನ್ನು ನೋಡಿ ಲೀನಮ್ಮ ಬೆರಗಾದರು. “ನಮ್ಮ ತಂದೆಯೂ ಹೀಗೇ ಮಾಡುತ್ತಿದ್ದರು. ಇದನ್ನು ಖಂಡಿತ ಮಾಡಿ. ಆದರೆ ಭುಜದಿಂದ ಕೊಡವಿ, ಮಣಿಕಟ್ಟಿನಿಂದ ಬೇಡ.”

ಒಂದು ಭಂಗಿಯ ಹೆಸರು ಕೋತಿ ಅಟ್ಟುವುದು. ಹಿಂದಕ್ಕೆ ಹೆಜ್ಜೆಯಿಡುತ್ತ ಒಂದೊಂದೇ ಕೈ ಮುಂದೆ ತಳ್ಳಬೇಕು. ಗುಡಿಯ ಹತ್ತಿರ ಹಣ್ಣುಕಾಯಿ ಬುಟ್ಟಿ ಕಾಪಾಡಿಕೊಂಡು ಅಭ್ಯಾಸವಾದ ಊರಿನವರು. “ಕೋತಿ ಓಡ್ಸದ ನಮ್ಗೆ ಏಳ್ಕೊಡ್ಬೇಕಾ?” ಎಂದು ಜಯಮ್ಮ ಹುಶ್ ಎಂದು ಎರಡೂ ಕೈ ಬೀಸಿದ ರಭಸಕ್ಕೆ ಪಕ್ಕದವಳ ಕೊಡೆ ಬಿತ್ತು.

“ನಿಧಾನ, ಜಯಮ್ಮ. ಕೋತಿಗೆ ಬೇಜಾರಾಗಬಾರದು.”

“ನಿಮ್ಮೂರ್ ಕೋತಿ ಒಳ್ಳೇವು ಕನವ್ವ. ನಮ್ಮವು ಅಂಗೆಲ್ಲ ಕೇಳಕುಲ್ಲ.”

ಲೀನಮ್ಮನ ನಾಲಗೆಗೆ ಒಗ್ಗದ ಒಂದು ಮಾತಿತ್ತು. ಅವರು ದಿನಕ್ಕೆ ಎಷ್ಟೋ ಸಲ ಹೇಳಬೇಕಾದ ಮಾತು ಅದು: ‘ಸಡಿಲ ಬಿಡಿ’. ಅವರ ಬಾಯಲ್ಲಿ ‘ಸರಿಲ’ ಎಂದಾಗುತ್ತಿತ್ತು. “ಸರಿಲ್ಲ ಅಂತಾವ್ರಾ, ಸರಿಯಾಗದೆ ಅಂತಾವ್ರಾ?” ಎಂದು ಜವರಾಯಿ ಪ್ರತಿ ಸಲವೂ ಕೇಳುತ್ತಿದ್ದ, ಪ್ರತಿ ಸಲವೂ ಸಾಲಿಗೆ ಸಾಲೇ ನಗುತ್ತಿತ್ತು. ಕೆಲವು ದಿನ ನಗಿಸಿಕೊಂಡು, ಆಮೇಲೆ ಲೀನಮ್ಮ ಆ ಮಾತನ್ನೇ ಕೈಬಿಟ್ಟು ಬರೀ ‘ಬಿಡಿ’ ಎನ್ನತೊಡಗಿದರು. ಭುಜ ಬಿಡಿ. ಸೊಂಟ ಬಿಡಿ. ಅದು ಯಾರಿಗೂ ತೊಡಕಾಗಲಿಲ್ಲ, ಶ್ರಾವಣದ ಕೊನೆಯ ವಾರದ ಒಂದು ದಿನದವರೆಗೆ.

ಆ ದಿನ ಜವರಾಯಿಯನ್ನು ಹಲಗೆಯ ಮೇಲೆ ಬೋರಲು ಮಲಗಿಸಿ ಒಬ್ಬೊಬ್ಬರೂ ಅವನ ಬೆನ್ನು ಒತ್ತಿ ತೋರಿಸಬೇಕಿತ್ತು. ಡಾಕ್ಟರು ವರಾಂಡದಲ್ಲಿ ನಿಂತು ನೋಡುತ್ತಿದ್ದರು. ನೆರೆ ಸುದ್ದಿಗೆಂದು ಆ ಕಡೆ ಹೋದವನು ನಾನೂ ಇದ್ದೆ. ಜಯಮ್ಮನ ಸರದಿ ಬಂತು. ಭುಜ ಕಿವಿಯ ಹತ್ತಿರಕ್ಕೆ ಏರಿತ್ತು. ಹೆಬ್ಬೆರಳು ಬಿಳಿಚಿಕೊಂಡಿತ್ತು. ಹಲ್ಲು ಕಚ್ಚಿಕೊಂಡು ಒತ್ತುತ್ತಿದ್ದರು. ಲೀನಮ್ಮ ಹತ್ತಿರ ಹೋಗಿ, ಆ ಊದಿದ ಬುಡವನ್ನು ಮುಟ್ಟಿ ನೋಡಿ, ತುಂಬ ಮೆಲ್ಲಗೆ ಹೇಳಿದರು.

“ಜಯಮ್ಮ, ಹೀಗೇ ಮಾಡಿದರೆ ಇದು ಉಳಿಯೋದಿಲ್ಲ. ನೀವು ಕೈ ಬಿಟ್ಟುಬಿಡಿ.”

ಜಯಮ್ಮ ಅವರ ಮುಖ ನೋಡಿದರು. ಲೀನಮ್ಮ ಮತ್ತೊಮ್ಮೆ, ಇನ್ನೂ ಪ್ರೀತಿಯಿಂದ, “ಬಿಟ್ಟುಬಿಡಿ ಅಮ್ಮ” ಎಂದರು.

“ಆಯ್ತವ್ವ.”

ಅಷ್ಟೇ. ಟವೆಲಿಗೆ ಕೈ ಒರೆಸಿಕೊಂಡು, ಕೈ ಕೊಡವದೆ, ತೊಳೆಯದೆ, ಚೀಲ ತೆಗೆದುಕೊಂಡು ಹೊರಟರು. ಬಸ್ಸಿಗೆ ಹೊತ್ತಾಯಿತೇನೋ ಎಂದು ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿದೆ.

ಮಾರನೆಯ ದಿನ ಅವರು ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಆ ವಾರವೇ ಸಾವಿತ್ರಿಯ ಗಂಡ ಅವಳನ್ನು ಬೂಕನಕೆರೆಯಿಂದ ತಂದು ಬಿಟ್ಟು ಹೋದ. ನಡುಮನೆಯಲ್ಲಿ ತಾಯಿ ಮಗಳು ಆಡುತ್ತಿದ್ದ ಮಾತು ನನ್ನ ಕೋಣೆಗೆ ಕೇಳುತ್ತಿತ್ತು.

“ಓಗ್ಲಿ ಬುಡವ್ವ, ಆ ಕೆಲ್ಸ ಇಲ್ದಿದ್ರೆ ಬದುಕಕಾಗಕಿಲ್ವಾ?”

“ಕೆಲ್ಸದ್ ಮಾತಲ್ಲ ಕನ್ ಮಗ. ಡಾಕ್ಟ್ರು ಬುಡ್ಸಿದ್ರೆ ನಾನ್ ತಲೆ ಕೆಡಿಸ್ಕತಿರ್ನಿಲ್ಲ. ಆಯಮ್ಮ ಕೈ ಬಲ್ಲೋಳು. ಮುಟ್ ನೋಡ್ಬುಟ್ಟು ‘ಕೈ ಬುಟ್ಬುಡಿ’ ಅಂದ್ಳು. ಅಂದ್ರೆ ಈ ಕೈ ಮುಗೀತು ಅಂತ್ಲೇ. ಪಾಲಹಳ್ಳಿ ಕಾಳಮ್ಮಂಗೆ ಏಳಿ ಕಳಿಸಿವ್ನಿ. ನಿನ್ ಬಾಣಂತನಕ್ಕೆ ಅವ್ಳೇ ಬತ್ತಾಳೆ.”

“ನೀನು?”

“ನಾನು ಒಲೆಗೆ ಸೌದೆ ಇಕ್ಕತೀನಿ.”



ಒಂದು ಕಡೆಯ ಹೇಳಿಕೆ ಸುದ್ದಿಯಲ್ಲ ಎಂದು ನಮ್ಮ ಸುದ್ದಿಮನೆಯಲ್ಲಿ ಹೊಸಬರಿಗೆ ಮೊದಲು ಹೇಳಿಕೊಡುತ್ತಿದ್ದರು. ಅದೇ ಅಭ್ಯಾಸದಿಂದ ಬೆಳಿಗ್ಗೆ ಗಂಜಾಂಗೆ ಹೋದೆ. ಜಯಮ್ಮ ಯಾಕೆ ಬರುತ್ತಿಲ್ಲ ಎಂದು ಲೀನಮ್ಮನೇ ನನ್ನನ್ನು ಕೇಳಿದರು.

“ನೀವೇ ಕೈ ಬಿಡಿ ಅಂದಿರಂತೆ” ಎಂದೆ.

“ಹೌದು ಅಂದೆ. ಬಿಟ್ಟರೆ ತಾನೇ ಒತ್ತಲು ಬರೋದು?”

“ಕೆಲಸವನ್ನೇ ಬಿಡಿ ಅಂತ ತಿಳಿದಿದ್ದಾರೆ. ಕೈ ಇನ್ನು ಬಾಳುವುದಿಲ್ಲ ಅಂತ.”

ಲೀನಮ್ಮ ಹಾಗೇ ಹಲಗೆಯ ಮೇಲೆ ಕುಳಿತರು. ಪಕ್ಕದಲ್ಲಿ ಎಣ್ಣೆ ಬಟ್ಟಲು ಒರೆಸುತ್ತಿದ್ದ ಜವರಾಯಿ ಹಣೆ ಚಚ್ಚಿಕೊಂಡ.

“ಅಯ್ಯೋ ನಮ್ಮವ್ವ! ನಮ್ ಕಡೆ ಕೈ ಬುಡದು ಅಂದ್ರೆ ಎಂಡ್ರುನ ತವ್ರಿಗೆ ಅಟ್ಟಿ ತಿರ್ಗಿ ನೋಡ್ದೇ ಇದ್ದಂಗೆ ಕಣವ್ವ! ಸಡಿಲ ಅನ್ಬೇಕು, ಸಡಿಲ.”

“ನೀವು ನಗುತ್ತೀರಿ ಅಂತ ಆ ಮಾತು ತೆಗೆದೆ” ಎಂದರು ಲೀನಮ್ಮ.

ಜವರಾಯಿ ಬಟ್ಟಲು ಒರೆಸುವುದನ್ನು ನಿಲ್ಲಿಸಿದ. ನನ್ನ ಕಡೆ ತಿರುಗಿ, “ಪೇಪರ್ನೋರೇ, ಓಗಿ ಒಂದ್ ಆಟೋ ಇಡ್ಕಬನ್ನಿ” ಎಂದ.

ಲೀನಮ್ಮ ಬಂದಾಗ ಜಯಮ್ಮ ಹಿತ್ತಿಲಿನಲ್ಲಿದ್ದರು. ಬಂದವರನ್ನು ನೋಡಿ ಅವರಿಗೆ ಗಾಬರಿಯಾಯಿತು. ನಡುಮನೆಗೆ ಕುರ್ಚಿ ತರಿಸಿದರು. ಲೀನಮ್ಮ ಕುರ್ಚಿ ಬಿಟ್ಟು ಚಾಪೆಯ ಮೇಲೆ, ಕಾಲು ಚಾಚಿ ಕುಳಿತಿದ್ದ ಸಾವಿತ್ರಿಯ ಪಕ್ಕದಲ್ಲಿ ಕುಳಿತರು. ಕಾಫಿ ಬಂತು. ಲೋಟ ಎಡಗೈಯಲ್ಲಿ ಕೊಡಬಾರದೆಂದು ಜಯಮ್ಮ ಬಲಗೈಯಲ್ಲೇ ಹಿಡಿದು ಬಂದಿದ್ದರು. ಎಡಗೈ ಅದರ ಅಡಿಗೆ ಆಸರೆಯಾಗಿತ್ತು.

“ಜಯಮ್ಮ, ನಾನು ಒಂದು ಮಾತು ನುಂಗಿಬಿಟ್ಟೆ. ಸಡಿಲ ಅನ್ನೋ ಮಾತು.” ಈ ಸಲ ಬಹಳ ಕಷ್ಟಪಟ್ಟು, ಸರಿಯಾಗಿಯೇ ಅಂದರು. “ಕೆಲಸ ಬಿಡಿ ಅನ್ನಲಿಲ್ಲ. ಕೈ ಸಡಿಲ ಬಿಡಿ ಅಂದೆ.”

ಜಯಮ್ಮ ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದು ಅವರ ಮುಖವೇ ಹೇಳುತ್ತಿತ್ತು. ಲೀನಮ್ಮ ಅವರನ್ನು ಎದುರಿಗೆ ಕೂರಿಸಿಕೊಂಡು, ಅವರ ಬಲಗೈಯ ಕೆಳಗೆ ತಮ್ಮ ಅಂಗೈಗಳನ್ನಿಟ್ಟು ಎತ್ತಿ ಹಿಡಿದರು. “ನಿಮ್ಮ ಕೈಯನ್ನು ನನಗೆ ಕೊಟ್ಟುಬಿಡಿ. ನೀವು ಹಿಡಿಯಬೇಡಿ.”

“ಕೊಟ್ಟಿವ್ನಿ ಕನವ್ವ.”

ಲೀನಮ್ಮ ತಟ್ಟನೆ ತಮ್ಮ ಅಂಗೈಗಳನ್ನು ತೆಗೆದರು. ಜಯಮ್ಮನ ಕೈ ಎಲ್ಲಿತ್ತೋ ಅಲ್ಲೇ, ಗಾಳಿಯಲ್ಲಿ ನಿಂತಿತ್ತು.

ಸಾವಿತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅವ್ವ, ನಿನ್ ಕೈನ ಯಾರವ್ವ ಇಡ್ಕಂಡವ್ರೆ?”

ಜಯಮ್ಮ ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದರು. ಮತ್ತೆ ಮಾಡಿದರು. ಮತ್ತೂ ನಿಂತಿತು. ಸಾವಿತ್ರಿ ನಗುವುದನ್ನು ನಿಲ್ಲಿಸಿ, “ಅವ್ವ, ನಿದ್ದೆ ಬಂದಂಗೆ ಮಾಡು. ಕೂಸಿನ ಕೈ ಅನ್ಕೊ” ಎಂದಳು. ಜಯಮ್ಮ ಕಣ್ಣು ಮುಚ್ಚಿಕೊಂಡು ಒಂದು ಉಸಿರು ಬಿಟ್ಟರು. ಆ ಸಲ ಲೀನಮ್ಮ ಅಂಗೈ ತೆಗೆದಾಗ ಕೈ ದಪ್ಪೆಂದು ಮಡಿಲಿಗೆ ಬಿತ್ತು.

“ಅಯ್ಯಯ್ಯೋ,” ಎಂದರು ಜಯಮ್ಮ, “ಇಷ್ಟ್ ತೂಕವಾ ನನ್ ಕೈ?”

ಆಗ ಲೀನಮ್ಮ ತಮ್ಮ ತಂದೆಯ ವಿಷಯ ಹೇಳಿದರು. ಪೆನಾಂಗಿನಲ್ಲಿ ಮೂಳೆ ಕೂರಿಸುವ, ಉಳುಕು ತೆಗೆಯುವ ಕೆಲಸ. ತಾಯ್ ಚಿ ಬಲ್ಲವರು. ಆದರೆ ಬೆಳಿಗ್ಗೆ ಅದನ್ನು ಮಾಡಿ, ಹಗಲಿಡೀ ಅದನ್ನು ಮರೆತು, ಹೆಬ್ಬೆರಳಿನಲ್ಲೇ ಒತ್ತುತ್ತಿದ್ದರಂತೆ. ಕೊನೆಗೆ ಊಟದ ಕಡ್ಡಿ ಹಿಡಿಯಲೂ ಆಗದೆ ಹೋಯಿತು.

“ಮತ್ತೆ ಉಣ್ಣಿಸ್ದೋರ್ ಯಾರು?” ಜಯಮ್ಮ ಕೇಳಿದರು.

“ನಾನೇ.”

ಜಯಮ್ಮ, “ಕಾಫಿ ಆರೋಯ್ತದೆ, ಕುಡೀರವ್ವ” ಎಂದು ಲೋಟವನ್ನು ಅವರ ಕಡೆ ಸರಿಸಿದರು.

ಅಲ್ಲಿಂದ ದಸರೆಯವರೆಗಿನ ದಿನಗಳು ನನಗೆ ಒಟ್ಟಾಗಿ, ಒಂದೇ ಬೆಳಗಿನ ಹಾಗೆ ನೆನಪಿವೆ. ಡಾಕ್ಟರು ಜಯಮ್ಮನಿಗೆ ತಲೆ, ಪಾದ ತಿಕ್ಕುವ ಹಗುರ ಕೆಲಸ ಮಾತ್ರ ಕೊಟ್ಟರು. ಊರಿನ ಕೂಸುಗಳಿಗೆ ನೀರು ಹಾಕುವುದನ್ನು ಅವರೇ ನಿಲ್ಲಿಸಿದರು. ಬೆಳಿಗ್ಗೆ ಹಿತ್ತಿಲಿನ ಕರಿಬೇವಿನ ಗಿಡದ ಪಕ್ಕ ನಿಂತು ತಾಯಿ ಕಸರತ್ತು ಮಾಡುತ್ತಿದ್ದರು. ಸಾವಿತ್ರಿ ಒರಳುಕಲ್ಲಿನ ಮೇಲೆ ಕುಳಿತು ತಪ್ಪು ಹಿಡಿಯುತ್ತಿದ್ದಳು. “ಭುಜ ಎದ್ಬುಡ್ತು ನೋಡವ್ವ” ಎಂದರೆ ಜಯಮ್ಮ, “ನೀನ್ ಮೊದ್ಲು ನೆಟ್ಟಗ್ ಕೂತ್ಕೊ ಮೂದೇವಿ” ಎನ್ನುತ್ತ ಭುಜ ಇಳಿಸುತ್ತಿದ್ದರು. ಭಾರ ದಾಟಿಸುವುದು ಮಾತ್ರ ಬಹಳ ದಿನ ಮೈಗೆ ಹತ್ತಲಿಲ್ಲ. ಒಂದು ದಿನ ತಾವೇ ದಾರಿ ಕಂಡುಕೊಂಡರು. “ನಾಟಿ ಆಕವಾಗ ಕೆಸ್ರಲ್ಲಿ ಕಾಲ್ ಕೀಳ್ತೀವಲ್ಲ, ಅಂಗೆ. ಈ ಕಾಲು ಗಟ್ಟಿಯಾಗಿ ಊರ್ದೆ ಆ ಕಾಲು ಬರಕಿಲ್ಲ.” ಗಂಜಾಂನಲ್ಲಿ ಇದನ್ನು ಹೇಳಿದಾಗ ಲೀನಮ್ಮ ಅಲ್ಲಿಯೇ ಚಪ್ಪಲಿ ಬಿಟ್ಟು, ತೋಟದ ಅಂಚಿನ ಗದ್ದೆಗೆ ಇಳಿದು ನೋಡಿದರು. ಜಯಮ್ಮ ರಟ್ಟೆ ಹಿಡಿದು ಮೇಲೆತ್ತಬೇಕಾಯಿತು.

ಊತ ಇಳಿಯಿತು. ಪೂರ್ತಿ ಹೋಗಲಿಲ್ಲ. ತಂಪು ಹೆಚ್ಚಿದ ಬೆಳಿಗ್ಗೆ ಮುಚ್ಚಳ ತೆಗೆಸಲು ಸೀಸೆ ನನ್ನ ಕೋಣೆಗೇ ಬರುತ್ತಿತ್ತು. ಪವಾಡವೇನೂ ಆಗಲಿಲ್ಲ ಎಂಬುದನ್ನು ಬರೆದಿಡಬೇಕು.

ದಸರೆ ಮುಗಿದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಾವಿತ್ರಿಗೆ ಹೆಣ್ಣು ಮಗು ಆಯಿತು. ತಾಯಿ-ಮಗುವನ್ನು ಮನೆಗೆ ಕರೆತಂದ ಮೇಲೆ, ಮೊದಲ ಎಣ್ಣೆ ನೀರಿನ ದಿನ, ಹಂಡೆ ಕಾಯುತ್ತಿರುವಾಗ, ಪಾಲಹಳ್ಳಿಯ ಕಾಳಮ್ಮ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಶ್ರಾವಣದಲ್ಲಿ ಹೇಳಿ ಕಳಿಸಿದ್ದನ್ನು ಬೇಡವೆಂದು ಹೇಳಲು ಜಯಮ್ಮ ಮರೆತಿದ್ದರು.

“ಏನವ್ವ ಜಯಕ್ಕ, ಕೈ ಓಗ್ಬುಟ್ಟದೆ ಅಂದ್ರು? ಚೆನ್ನಾಗೇ ಇದ್ದೀಯಲ್ಲ.”

ಜಯಮ್ಮ ಹಂಡೆಯ ಕಡೆ ನೋಡಿದರು. ಒಳಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಕುಳಿತ ಮಗಳ ಕಡೆ ನೋಡಿದರು. ಹೆರಿಗೆಯಾದವಳ ಸೊಂಟ, ಬೆನ್ನು ಒತ್ತಲು ಬೇಕಾದ ಬಲ ಎಷ್ಟು ಎಂದು ಅವರಿಗೆ ಗೊತ್ತಿತ್ತು.

“ಬಾ ಕಾಳಿ, ಒಳೀಕ್ ಬಾ,” ಎಂದರು. “ಮಗಳು ನಿಂಗೆ. ಮೊಮ್ಮಗ ನಂಗೆ.”

“ಮೊಮ್ಮಗಳಂತೆ?”

“ಯಾವ್ದಾದ್ರೂ ಮಗವೇ ಕನ. ನಡಿ, ನೀರ್ ಆರೋಯ್ತದೆ.”

ಹಿತ್ತಿಲಿನಲ್ಲಿ ಬಿಸಿಲು ಬಿದ್ದ ಕಡೆ ಮಣೆ ಹಾಕಿ, ಕಾಲು ನೀಡಿ ಕುಳಿತು, ಜಯಮ್ಮ ಮಗುವನ್ನು ಮೊಣಕಾಲಿನ ಕೆಳಗೆ ಎರಡೂ ಕಾಲುಗಳ ಮೇಲೆ ಮಲಗಿಸಿಕೊಂಡರು. ಅದು ಕೂಗಿ ಕೆಂಪಾಯಿತು. ಮುಷ್ಟಿ ಬಿಗಿದಿತ್ತು. ಜಯಮ್ಮ ಅವಸರ ಮಾಡಲಿಲ್ಲ. ಹರಳೆಣ್ಣೆ ಹಚ್ಚಿದ ಅಂಗೈಯನ್ನು ಅದರ ಎದೆಯ ಮೇಲೆ ಸುಮ್ಮನೆ ಇಟ್ಟು ಕಾದರು. ಹೆಬ್ಬೆರಳನ್ನು ಬಳಸಲೇ ಇಲ್ಲ. ಉಸಿರಿನ ಜೊತೆ ಅವರ ಭುಜ ಇಳಿಯಿತು, ಅಂಗೈ ತೊಡೆಯವರೆಗೆ ಹರಿಯಿತು, ಮತ್ತೆ ಮೇಲಕ್ಕೆ ಬಂತು. ಕೂಗು ಸಣ್ಣದಾಯಿತು. ನೀರು ಹಾಕಿ ಮುಗಿಸಿ ಸಾಂಬ್ರಾಣಿ ಹೊಗೆ ತೋರಿಸುವಷ್ಟರಲ್ಲಿ ಮಗು ನಿದ್ದೆ ಹೋಗಿತ್ತು. ಜಯಮ್ಮ ಕಣ್ಣು ಒರೆಸಿಕೊಂಡಿದ್ದು ಹೊಗೆಗೇ ಇರಬೇಕು.

ಸಂಜೆ ಕವರ್ ಕಳಿಸಿ ಬರುವಾಗ ಮಗುವನ್ನು ನೋಡಲು ನಡುಮನೆಯ ಬಾಗಿಲಲ್ಲಿ ನಿಂತೆ. ಸಾವಿತ್ರಿ ಕಂಬಳಿ ಹೊದ್ದು ಮಂಚದಲ್ಲಿ ಮಲಗಿದ್ದಳು. ಮಗುವಿನ ತಲೆಗೆ ಕುಲಾವಿ ಸರಿಪಡಿಸಲು ಜಯಮ್ಮ ಬಗ್ಗಿದಾಗ ಮಗಳು ಅವರ ಬಲಗೈಯನ್ನು ಹಿಡಿದು ಕಂಬಳಿಯೊಳಕ್ಕೆ ಎಳೆದುಕೊಂಡಳು. ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ನೀವತೊಡಗಿದಳು.

“ಏನ್ ಮಗ ಇದು? ಬಾಣಂತಿ ಕೈಲಿ ಸೇವೆ ಮಾಡುಸ್ಕಂಡ್ಳು ಅಂತ ಕಾಳಿ ಊರೆಲ್ಲ ಸಾರ್ಕಬತ್ತಾಳೆ.”

“ಸಾರ್ದೆ ಇದ್ದೀನಾ!” ಎಂದಳು ಕಾಳಮ್ಮ, ಬಚ್ಚಲಿನಿಂದ.

“ಕೂತ್ಕೊ ಸುಮ್ನೆ” ಎಂದಳು ಸಾವಿತ್ರಿ.

ಒಲೆಯ ಮೇಲೆ ಏನೋ ಉಕ್ಕುವ ಸದ್ದು ಕೇಳಿತು. ಜಯಮ್ಮ ಒಂದು ಸಲ ಆ ಕಡೆ ತಿರುಗಿ ನೋಡಿದರು. ಆಮೇಲೆ ಮಂಚದ ಅಂಚಿನಲ್ಲಿ ಕುಳಿತರು.